ಥರ್ಮಾಕೋಲಿನ ಕೋಟೆಯಲ್ಲಿ ನಾನು ಸತ್ತದ್ದು

ಇದನ್ನು ಹೇಳಬೇಕೆಂದು ಹೊರಟು ಹಿಂದಕ್ಕೆ ಬಂದದ್ದು ಎಷ್ಟು ಸಲವೋ ನೆನಪಿಲ್ಲ. ಒಮ್ಮೆ ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಾಗ ಮಾತು ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಕತ್ತಿ ಗಂಟಲ ಹತ್ತಿರ ಬಂತು, ಸುಮ್ಮನಾದೆ. ಹೆಂಡತಿಗೆ ಹೇಳೋಣವೆಂದರೆ ಅವಳು ಅರ್ಧ ಕೇಳುವುದರೊಳಗೆ ತೀರ್ಪು ಕೊಡುವವಳು. ಹೀಗೆ ಮುಂದಕ್ಕೆ ಹಾಕುತ್ತಾ ಬಂದೆ. ಟಿವಿಯಲ್ಲಿ ರಾಜರ ಸೀರಿಯಲ್ಲು ಶುರುವಾಗಿ ಕಹಳೆಯ ಸದ್ದು ಕೇಳಿದರೆ ಸಾಕು, ಹಸುವಿಗೆ ಹುಲ್ಲು ಹಾಕಿ ಬರುತ್ತೇನೆಂದು ಎದ್ದು ಹೋಗುತ್ತೇನೆ. ನಮ್ಮ ಮನೆಯಲ್ಲಿ ಹಸು ಮಾರಿ ಬಹಳ ಕಾಲವಾಯಿತು.

ನನ್ನದು ಹತ್ತನೇ ಕ್ಲಾಸಿನವರೆಗಿನ ಓದು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮಗ್ಗುಲಿನ ಊರು. ಊರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡಿದವನು. ಹಾಲಿಗೆ ಕಡ್ಡಿ ಇಳಿಬಿಟ್ಟು ಡಿಗ್ರಿ ನೋಡಿ, ಯಾರ ಮನೆಯ ಹಾಲಿಗೆ ನೀರು ಬಿದ್ದಿದೆ ಎಂದು ಬದುಕಿಡೀ ಹೇಳಿದವನು. ಎಷ್ಟೋ ಹೆಂಗಸರು ವಾಪಸಾದ ಹಾಲಿನ ಕ್ಯಾನು ಹಿಡಿದುಕೊಂಡು ನನ್ನನ್ನು ಬೈಯುತ್ತಾ ಹೋಗಿದ್ದಾರೆ. ನನ್ನ ಮಾತಿಗೆ ನಾನೇ ನೀರು ಬೆರೆಸಿದ್ದನ್ನು ನೋಡಲು ಮಾತ್ರ ಯಾರ ಹತ್ತಿರವೂ ಕಡ್ಡಿ ಇರಲಿಲ್ಲ.

ನನ್ನ ಅಕ್ಕನನ್ನು ಸೋದರಮಾವನ ಮಗನಿಗೆ ಕೊಟ್ಟದ್ದು. ಅವರ ಮನೆ ನಮ್ಮ ಬೀದಿಯ ಕೊನೆಯಲ್ಲಿದೆ. ಭಾವನೂ ನಾನೂ ಒಟ್ಟಿಗೆ ಬೆಳೆದವರು, ಒಟ್ಟಿಗೆ ನಾಟಕ ಕಲಿತವರು. ನಮ್ಮ ಕಡೆ ಪೌರಾಣಿಕ ನಾಟಕದ ಹುಚ್ಚು ಎಲ್ಲರಿಗೂ ಗೊತ್ತಿರುವುದೇ. ನಮ್ಮೂರಿನವರು ಮಾತ್ರ ಅದರ ಜೊತೆಗೆ ಒಂದು ಐತಿಹಾಸಿಕ ನಾಟಕವನ್ನೂ ಇಟ್ಟುಕೊಂಡಿದ್ದರು. ಅದರಲ್ಲಿ ಭಾವನೇ ರಾಜ, ನಾನು ಮಂತ್ರಿ. ಭಾವನಿಗೆ ಎದೆಯೂ ಇತ್ತು, ಗಂಟಲೂ ಇತ್ತು. ಅವನು ಸಿಂಹಾಸನದಿಂದ ಎದ್ದರೆ ಹಾರ್ಮೋನಿಯಂ ನುಡಿಸುವ ಮೇಷ್ಟರು ಸಹ ಅರ್ಧ ಏಳುತ್ತಿದ್ದರು. ನನ್ನ ಪಾಲಿಗಿದ್ದ ಮಾತು ಒಂದೇ. ರಾಜ ಏನೇ ಹೇಳಲಿ, ಕೈಮುಗಿದು "ಅಪ್ಪಣೆ, ಪ್ರಭು" ಎನ್ನುವುದು. ಹರೆಯದಿಂದ ಹಲ್ಲು ಬೀಳುವವರೆಗೂ ಅಷ್ಟನ್ನೇ ಹೇಳಿದೆ.

ನಮ್ಮ ನಾಟಕಗಳಲ್ಲಿ ಒಂದು ಪದ್ಧತಿ ಉಂಟು. ಪಾತ್ರಧಾರಿ ಚೆನ್ನಾಗಿ ಮಾಡಿದರೆ ನೆಂಟರು ದೃಶ್ಯದ ಮಧ್ಯದಲ್ಲೇ ರಂಗ ಹತ್ತಿ ಹಾರ ಹಾಕುತ್ತಾರೆ. ಯುದ್ಧ ನಡೆಯುತ್ತಿದ್ದರೆ ಯುದ್ಧ ನಿಲ್ಲುತ್ತದೆ. ಸತ್ತವನಾಗಿದ್ದರೆ ಎದ್ದು ಕೂತು ಹಾರ ಹಾಕಿಸಿಕೊಂಡು ಮತ್ತೆ ಮಲಗುತ್ತಾನೆ. ಭಾವನಿಗೆ ಬಿದ್ದ ಹಾರಗಳನ್ನು ಪ್ರತಿ ಸಲವೂ ತೆಗೆದು ಹಿಡಿದುಕೊಳ್ಳುತ್ತಿದ್ದವನು ನಾನು. ಅದು ಮಂತ್ರಿಯ ಕೆಲಸ.

ವಯಸ್ಸಾದ ಮೇಲೆ ನಾಟಕ ನಿಂತಿತು, ಟಿವಿ ಬಂತು. ಸಂಜೆಯಾದರೆ ನಾನು ಅಕ್ಕನ ಮನೆಗೆ ಹೋಗುತ್ತಿದ್ದೆ. ಅಕ್ಕ ಬೇಯಿಸಿದ ಕಡಲೆಕಾಯಿ ತಂದಿಟ್ಟು ಬಾಗಿಲ ಹತ್ತಿರ ಕೂರುವಳು. ಭಾವ ರಾಜರ ಸೀರಿಯಲ್ಲುಗಳನ್ನು ಒಂದೂ ಬಿಡದೆ ನೋಡುವನು, ಒಂದನ್ನೂ ಒಪ್ಪುತ್ತಿರಲಿಲ್ಲ. ಸೈನಿಕನ ಕೈಯಲ್ಲಿ ವಾಚಿನ ಗುರುತು ಕಂಡರೆ ನಮಗೆಲ್ಲ ತೋರಿಸಬೇಕು. ಅರಮನೆಯ ಹಿಂದೆ ಕರೆಂಟು ಕಂಬ ಕಂಡ ದಿನ ಅವನಿಗೆ ಹಬ್ಬ. ಕಿರೀಟ ಹಾಕಿಕೊಂಡೇ ಮಲಗುವ ರಾಜನನ್ನು ನೋಡಿ, ಇವನು ಸ್ನಾನಕ್ಕೂ ಹಿಂಗೇ ಹೋಗುತ್ತಾನೆಯೇ ಎಂದು ಅಕ್ಕನನ್ನು ಕೇಳುವನು. ಆದರೆ ತಪ್ಪು ಹಿಡಿದು ಹಿಡಿದು ಸಾಕಾದ ಮೇಲೆ, ಜಾಹೀರಾತು ಬರುವ ಹೊತ್ತಿಗೆ, ಮೆಲ್ಲಗೆ ಒಂದು ಮಾತು ಹೇಳುತ್ತಿದ್ದ. ಸಾಯುವುದರೊಳಗೆ ಒಂದೇ ಒಂದು ಸಲ ಈ ಪೆಟ್ಟಿಗೆಯೊಳಗೆ ರಾಜನಾಗಿ ಕೂತು ಎದ್ದರೆ ಸಾಕು ಎಂದು. ಭಾವನ ಹಳೆಯ ನಾಟಕದ ಕಿರೀಟವನ್ನು ಅಕ್ಕ ತನ್ನ ಸೀರೆಯೊಂದರಲ್ಲಿ ಸುತ್ತಿ ರಾಗಿ ಪೆಟ್ಟಿಗೆಯ ಮೇಲೆ ಇಟ್ಟಿದ್ದಳು ಎಂಬುದು ನನಗೆ ಗೊತ್ತಿತ್ತು.

ಅಂಥ ಒಂದು ಸೀರಿಯಲ್ಲು ನಮ್ಮ ಪಕ್ಕಕ್ಕೇ ಬಂತು. ಮಳವಳ್ಳಿ ರಸ್ತೆಯಲ್ಲಿ, ಕಬ್ಬು ಕಡಿದು ಖಾಲಿಯಾಗಿದ್ದ ಹೊಲದ ಆಚೆ ಬಂಡೆಗಳಿರುವ ಜಾಗದಲ್ಲಿ ಕೋಟೆ ಎದ್ದಿತು. ಪ್ಲೈವುಡ್ಡಿಗೆ ಥರ್ಮಾಕೋಲು ಅಂಟಿಸಿ ಕಲ್ಲಿನ ಬಣ್ಣ ಬಳಿದ ಕೋಟೆ. ಮುಂಭಾಗ ಮಾತ್ರ ಕೋಟೆ, ಹಿಂದೆ ಬರೀ ಗಳುಗಳು. ಹಳೆಯ ಕಾಲದ ಒಬ್ಬ ಪಾಳೆಯಗಾರನ ಕಥೆಯಂತೆ. ಸುತ್ತಮುತ್ತಲಿನ ಗಂಡಸರೆಲ್ಲ ಸೈನಿಕರಾದರು. ಬೆಳಿಗ್ಗೆ ಕೆಂಪು ರುಮಾಲು ಕಟ್ಟಿಕೊಂಡು ಕೋಟೆಯ ಪರವಾಗಿ ಸಾಯುವುದು, ಊಟವಾದ ಮೇಲೆ ಹಸಿರು ರುಮಾಲು ಕಟ್ಟಿಕೊಂಡು ಅದೇ ಕೋಟೆಗೆ ಮುತ್ತಿಗೆ ಹಾಕುವುದು. ಬೆಳಿಗ್ಗೆ ತಾನು ಸತ್ತು ಬಿದ್ದಿದ್ದ ಜಾಗಕ್ಕೇ ಮಧ್ಯಾಹ್ನ ಈಟಿ ಹಿಡಿದು ಓಡಿಬಂದ ಒಬ್ಬ, ಅಲ್ಲಿ ಮರೆತುಹೋಗಿದ್ದ ತನ್ನ ಬೀಡಿ ಕಟ್ಟನ್ನು ಎತ್ತಿಕೊಂಡು ಮುಂದಕ್ಕೆ ನುಗ್ಗಿದನಂತೆ.

ಒಂದು ದಿನ ನಿರ್ದೇಶಕರ ಸಹಾಯಕನೊಬ್ಬ ನಮ್ಮೂರಿಗೆ ಬಂದ. ಗಡ್ಡ ಬಿಟ್ಟ, ಮೆತ್ತಗೆ ಮಾತಾಡುವ ಹುಡುಗ. ಡೇರಿಯ ಜಗಲಿಯಲ್ಲಿ ನಾನೊಬ್ಬನೇ ಕೂತಿದ್ದೆ. ಪಾಳೆಯಗಾರನ ಮುದಿ ತಂದೆಯ ಪಾತ್ರವೊಂದಿದೆ, ಒಂದೇ ದೃಶ್ಯ, ಸಾಯುವ ಮುಂಚೆ ಮಗನಿಗೆ ಕತ್ತಿ ಕೊಡುವುದು ಎಂದ. ಮದ್ದೂರಿನಲ್ಲಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಅಂಗಡಿಯವರು ಈ ಊರಿನ ಒಬ್ಬ ಹಿರಿಯರ ಹೆಸರನ್ನೂ ಫೋನ್ ನಂಬರನ್ನೂ ಕೊಟ್ಟಿದ್ದಾರೆ, ಅವರ ಮನೆ ಯಾವುದು ಎಂದು ಕೇಳಿದ. ಭಾವನ ಹೆಸರು.

ಬೀದಿಯ ಕೊನೆಗೆ ಕೈ ತೋರಿಸಿದ್ದರೆ ಮುಗಿದಿತ್ತು. ಕೈ ಮೇಲಕ್ಕೂ ಎದ್ದಿತ್ತು. ಅದು ಬೀದಿಯ ಕಡೆ ತಿರುಗದೆ ಆಕಾಶದ ಕಡೆ ಹೋಯಿತು.

"ಅವ್ರಾ? ತೀರ್ಕೊಂಡ್ರಲ್ಲಪ್ಪ" ಎಂದೆ.

ಹುಡುಗ ತಲೆಯ ಮೇಲಿದ್ದ ಟೋಪಿ ತೆಗೆದ. ನಾನು ಹೇಳಿದ ಸುಳ್ಳಿಗೆ ಅವನು ತಲೆಬಾಗಿ ನಿಂತದ್ದು ಇವತ್ತಿಗೂ ಕಣ್ಣಮುಂದಿದೆ. ಟೋಪಿ ಮತ್ತೆ ಇಟ್ಟುಕೊಂಡು, ಬೇರೆ ಯಾರಾದರೂ ರಾಜನ ಪಾತ್ರ ಮಾಡಿದವರಿದ್ದಾರಾ ಎಂದು ಕೇಳಿದ. ನಾನು ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡೆ.

ಭಾವನಿಗೆ ಏನು ಹೇಳುವುದು? ಸೀರಿಯಲ್ಲಿನವರು ಬಂದು ನೇರ ನನ್ನನ್ನೇ ಕೇಳಿದರು ಎಂದೆ. ಅವನು ಮುನಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಎದ್ದು ನಿಂತು ನನ್ನ ಬೆನ್ನು ತಟ್ಟಿದ. ಆ ವಾರವೆಲ್ಲ ತನ್ನ ಮನೆಯ ನಡುಮನೆಯಲ್ಲಿ ನನ್ನನ್ನು ಚಾಪೆಯ ಮೇಲೆ ಮಲಗಿಸಿ ರಾಜ ಹೇಗೆ ಸಾಯಬೇಕು ಎಂದು ಪಾಠ ಹೇಳಿಕೊಟ್ಟ. ಅಕ್ಕ ನಮ್ಮನ್ನು ದಾಟಿಕೊಂಡು ಅಡಿಗೆಮನೆಗೆ ಓಡಾಡುತ್ತಾ, ಸಾಯುವವರು ಸ್ವಲ್ಪ ಗೋಡೆ ಕಡೆ ಸರಿದು ಸಾಯಿರಿ ಎನ್ನುತ್ತಿದ್ದಳು.

ಶೂಟಿಂಗಿನ ದಿನ ಭಾವ ಬೆಳಿಗ್ಗೆಯೇ ಮಂಡ್ಯಕ್ಕೆ ಹೋದ. ಯಾಕೆ ಎಂದು ನನಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಮರೆತಿದ್ದ.

ನನಗೆ ಗಡ್ಡ ಅಂಟಿಸಿ, ಜರಿ ಅಂಗಿ ತೊಡಿಸಿ, ಕಿರೀಟ ಇಟ್ಟರು. ಕಿರೀಟ ಚಿಕ್ಕದು. ನೆತ್ತಿಯ ಮೇಲೆ ಕುಳಿತದ್ದು ಕೆಳಗೆ ಇಳಿಯಲಿಲ್ಲ, ಪಿನ್ನು ಹಾಕಿ ನಿಲ್ಲಿಸಿದರು. ಅರಮನೆಗೆ ಮೂರು ಕಡೆ ಗೋಡೆ, ಮೇಲೆ ಸೂರು ಇಲ್ಲ, ಬಿಸಿಲು ನೇರ ಹಾಸಿಗೆಯ ಮೇಲೆ. ಪಾಳೆಯಗಾರನ ಪಾತ್ರದ ಹುಡುಗ ಮಂಡಿಯೂರಿ, "ಅಪ್ಪಣೆಯಾಗಲಿ, ತಂದೆ" ಎಂದ. ನಾನು ಕತ್ತಿ ಕೊಟ್ಟು, ಈ ನೆಲವನ್ನು ಕಾಪಾಡು ಎನ್ನಬೇಕಿತ್ತು. ನನ್ನ ಎರಡು ಕೈಗಳೂ ತಾವಾಗಿಯೇ ಕೂಡಿಕೊಂಡವು.

"ಅಪ್ಪಣೆ, ಪ್ರಭು" ಎಂದೆ.

ಮತ್ತೆ ಶುರುಮಾಡಿಸಿದರು. ಮತ್ತೆ ಅದೇ. ನೀರು ಕುಡಿಸಿದರು, ಗಾಳಿ ಬೀಸಿದರು, ನೀವೇ ರಾಜರು ಎಂದು ತಿಳಿಹೇಳಿದರು. ಅದಕ್ಕೂ "ಅಪ್ಪಣೆ" ಎಂದೆ. ಕೊನೆಗೆ ನಿರ್ದೇಶಕರು ಮುದುಕ ಮಾತು ಬಿದ್ದುಹೋದ ರಾಜ ಎಂದು ಕಥೆಯನ್ನೇ ಬದಲಾಯಿಸಿ, ನನ್ನ ಮಾತನ್ನು ಪಕ್ಕದಲ್ಲಿ ನಿಂತಿದ್ದ ಮಂತ್ರಿಗೆ ಕೊಟ್ಟರು. ಆ ಮಂತ್ರಿ ದುದ್ದದ ಕಡೆಯ ಒಬ್ಬ ರೈತ, ತೆಂಗಿನಕಾಯಿ ವ್ಯಾಪಾರಕ್ಕೆ ಬಂದು ಹಾಗೇ ಉಳಿದುಕೊಂಡವನು. ಒಂದೇ ಸಲಕ್ಕೆ ಚೆನ್ನಾಗಿ ಹೇಳಿಬಿಟ್ಟ.

ನನಗೆ ಉಳಿದದ್ದು ಸಾಯುವ ಕೆಲಸ. ಅದೂ ಬರಲಿಲ್ಲ. ಭಾವ ಹೇಳಿಕೊಟ್ಟಂತೆ ಎದೆ ಎತ್ತಿ ಉಸಿರು ಬಿಟ್ಟರೆ ಗಡ್ಡ ಮೂಗಿನೊಳಗೆ ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಕಾಲ್ಬೆರಳು ಅಲ್ಲಾಡುತ್ತಿತ್ತು. ನಿರ್ದೇಶಕರು ಬೇಸರವಿಲ್ಲದ ಮನುಷ್ಯ. "ಅಜ್ಜ, ನೀವು ಸಾಯ್ತಾ ಇಲ್ಲ, ಮಲಗ್ತಾ ಇದ್ದೀರ" ಎಂದು ತಿದ್ದುತ್ತಿದ್ದರು.

ಇದೇ ಹೊತ್ತಿನಲ್ಲಿ ನಡೆದದ್ದನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಆ ಗಡ್ಡದ ಹುಡುಗ ಒಳ್ಳೆಯವನು. ತೀರಿಹೋದ ನಾಟಕದ ರಾಜನಿಗೆ ಆ ದಿನದ ಕಂತಿನ ಮೊದಲಲ್ಲಿ ಒಂದು ಶ್ರದ್ಧಾಂಜಲಿ ಹಾಕೋಣವೆಂದು ಅವನಿಗೆ ಮನಸ್ಸಾಯಿತು. ಫೋಟೊ ಬೇಕಲ್ಲ. ಮದ್ದೂರಿನ ಅಂಗಡಿಯವರು ಕೊಟ್ಟಿದ್ದ ನಂಬರಿಗೆ ಫೋನು ಮಾಡಿದ. ಚಾರ್ಜಿಗೆ ಹಾಕಿದ್ದ ಫೋನನ್ನು ಅಕ್ಕ ಎತ್ತಿಕೊಂಡಳು. ಟಿವಿಯವರು ಮಾತಾಡುತ್ತಿರುವುದು, ನಿಮ್ಮ ಯಜಮಾನರು ತೀರಿಕೊಂಡ ವಿಷಯ ತಿಳಿಯಿತು, ಟಿವಿಯಲ್ಲಿ ಹಾಕಲು ಒಂದು ಫೋಟೊ ಬೇಕಿತ್ತು ಎಂದು ಅವನು ಹೇಳಿದ.

ಗಂಡ ಬೆಳಿಗ್ಗೆ ಬೈಕಿನಲ್ಲಿ ಮಂಡ್ಯಕ್ಕೆ ಹೋಗಿದ್ದಾನೆ. ಮದ್ದೂರು ದಾಟಿದರೆ ಹೈವೇ. ಟಿವಿಯವರು ಫೋಟೊ ಕೇಳುವುದು ಯಾವಾಗ ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಹೊಸದಾಗಿ ಸಾಯಲು ಹೊರಟಿದ್ದೆ. ಕ್ಯಾಮೆರಾ ಓಡುತ್ತಿತ್ತು. ಹೊರಗಿನಿಂದ ಒಂದು ಕೂಗು ಕೇಳಿಸಿತು. ಪಕ್ಕದ ಮನೆಯವನ ಬೈಕಿನಿಂದ ಇಳಿದ ಅಕ್ಕ ಕೋಟೆಯ ಬಾಗಿಲಿನಿಂದ ನೇರ ಒಳಗೆ ಬಂದಳು. ಹಳೆಯ ನೂಲಿನ ಸೀರೆ, ಬಿಚ್ಚಿದ ತುರುಬು. ಅರಮನೆಯ ದಾಸಿಯರೆಂದು ಕೂರಿಸಿದ್ದ ಹೆಂಗಸರೂ ಅಂಥದೇ ಸೀರೆ ಉಟ್ಟಿದ್ದರಿಂದ ಯಾರೂ ತಡೆಯಲಿಲ್ಲ. ಅವಳು ಕ್ಯಾಮೆರಾ ನೋಡಲಿಲ್ಲ, ದೀಪ ನೋಡಲಿಲ್ಲ. ಅವಳಿಗೆ ಬೇಕಾಗಿದ್ದವನು ತಮ್ಮ. ನನ್ನ ಮಂಚದ ಹತ್ತಿರ ಬಂದು ಕುಸಿದು ನನ್ನ ಕಾಲು ಹಿಡಿದುಕೊಂಡಳು.

"ಲೇ ತಮ್ಮ, ನಿಮ್ ಬಾವ ಓಗ್ಬುಟ್ರಂತೆ ಕಣ್ಲಾ. ಟಿವಿಯವ್ರು ಪೋಟೊ ಕೇಳ್ತಾವ್ರೆ. ಏಳ್ಲಾ ಮ್ಯಾಕೆ, ಎಲ್ಲವ್ರೆ ನೋಡುವ ಬಾ."

ಏನಾಗಿದೆ ಎಂದು ಆ ಕ್ಷಣದಲ್ಲೇ ನನಗೆ ತಿಳಿಯಿತು. ಭಾವ ಸತ್ತಿದ್ದಾನೆ ಎಂದು ಈ ಲೋಕದಲ್ಲಿ ಹೇಳಿದವನು ಒಬ್ಬನೇ. ಇಲ್ಲ ಅಕ್ಕ, ಅದು ಸುಳ್ಳು, ಭಾವ ಚೆನ್ನಾಗಿದ್ದಾನೆ ಎನ್ನಲು ಎಷ್ಟು ಉಸಿರು ಬೇಕು? ಆದರೆ ಹಾಗೆಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ. ಮಂಚದ ಸುತ್ತ ಊರೇ ರುಮಾಲು ಕಟ್ಟಿಕೊಂಡು ನಿಂತಿದೆ. ನಿರ್ದೇಶಕರು ಕಟ್ ಎನ್ನಲಿಲ್ಲ. ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಇನ್ನೂ ಹತ್ತಿರ ಹೋಗಿ ಎಂದು ಕ್ಯಾಮೆರಾದವನಿಗೆ ಸನ್ನೆ ಮಾಡುತ್ತಿದ್ದರು.

ಅಕ್ಕ ನನ್ನ ಕಾಲು ಅಲುಗಾಡಿಸಿದಳು. "ಏಳ್ಲಾ ತಮ್ಮ" ಎಂದಳು. ನಾನು ಕಣ್ಣು ಮುಚ್ಚಿಕೊಂಡು ಸತ್ತೆ.

ಅವತ್ತು ನಾನು ಬಹಳ ಚೆನ್ನಾಗಿ ಸತ್ತೆ. ಒಂದು ಬೆರಳೂ ಅಲ್ಲಾಡಲಿಲ್ಲ. ಅಕ್ಕ ಅಳುತ್ತಿದ್ದಳು, ಮಂತ್ರಿಯಾಗಿದ್ದ ದುದ್ದದ ರೈತನೂ ಏನೆಂದು ತಿಳಿಯದೆ ಅಳತೊಡಗಿದ. ಎಷ್ಟು ಹೊತ್ತೋ ತಿಳಿಯದು. ಕಟ್ ಎಂದರು, ಸೈನಿಕರೆಲ್ಲ ಚಪ್ಪಾಳೆ ತಟ್ಟಿದರು.

ನಾನು ಕಣ್ಣು ತೆರೆದಾಗ ಮೊದಲು ಕಂಡದ್ದು ಆಕಾಶದಿಂದ ಇಳಿಯುತ್ತಿದ್ದ ಬೆಲ್ಲ. ಅಚ್ಚುಬೆಲ್ಲವನ್ನು ಪೋಣಿಸಿ ಮಾಡಿದ, ಆಳಿಗಿಂತ ಉದ್ದದ ಹಾರ, ಕ್ರೇನಿನ ತುದಿಯಲ್ಲಿ ತೂಗಾಡುತ್ತಾ ಗೋಡೆಯ ಮೇಲಿಂದ ಬರುತ್ತಿತ್ತು. ಹಿಂದೆ ನೊಣಗಳ ಒಂದು ದಂಡು.

ಮಂಡ್ಯದಲ್ಲಿ ದೊಡ್ಡವರು ಬಂದಾಗ ಸೇಬಿನದೋ ಬೆಲ್ಲದ್ದೋ ಹಾರವನ್ನು ಕ್ರೇನಿನಲ್ಲಿ ಎತ್ತಿ ಹಾಕುವುದನ್ನು ನೋಡದವರು ಯಾರು? ಹಾರ ಮಾಡಿಸಿಕೊಂಡು, ಬೈಕನ್ನು ಅಲ್ಲೇ ಬಿಟ್ಟು, ಗೂಡ್ಸ್ ಆಟೊದಲ್ಲಿ ಹೇರಿಕೊಂಡು ಬಂದ ಭಾವ, ಕೋಟೆಯ ಹಿಂದೆ ಕ್ಯಾಮೆರಾದ ಕ್ರೇನು ನಿಂತಿರುವುದನ್ನು ಕಂಡು, ಸೀರಿಯಲ್ಲಿನವರು ಎಲ್ಲ ಏರ್ಪಾಡು ಮಾಡಿಕೊಂಡೇ ಬಂದಿದ್ದಾರೆ ಎಂದುಕೊಂಡನಂತೆ. ಹಾರವನ್ನು ಕೊಕ್ಕೆಗೆ ಸಿಕ್ಕಿಸಿ, ಎತ್ತಪ್ಪ ಎಂದನಂತೆ. ಕ್ರೇನಿನವನು ಈ ಮುದುಕನ ಗತ್ತು ನೋಡಿ, ಇವನೇ ಯಾರೋ ನಿರ್ಮಾಪಕನಿರಬೇಕು ಎಂದು ಎತ್ತಿಬಿಟ್ಟ.

ಹಾರ ಭಾರವಾಗಿತ್ತು. ಅದು ತೂಗಿ ಎಡಗಡೆಯ ಗೋಡೆಗೆ ಬಡಿಯಿತು. ಕಥೆಯಲ್ಲಿ ಶತ್ರುಗಳು ವರ್ಷಗಟ್ಟಲೆ ಮುತ್ತಿಗೆ ಹಾಕಿದರೂ ಬೀಳದ ಕೋಟೆ ಮೆಲ್ಲಗೆ ಹಿಂದಕ್ಕೆ ವಾಲಿ ಕಬ್ಬಿನ ಕೂಳೆಯ ಮೇಲೆ ಮಲಗಿತು. ಗೋಡೆ ಇದ್ದ ಜಾಗದಲ್ಲಿ ಭಾವ ನಿಂತಿದ್ದ, ಎರಡೂ ಕೈ ಮೇಲೆತ್ತಿ, ನಾಟಕದಲ್ಲಿ ಕೂಗುವ ಹಾಗೆ "ಒನ್ಸ್ ಮೋರ್" ಎಂದು ಕೂಗುತ್ತಾ.

ಅಕ್ಕ ಅವನನ್ನು ನೋಡಿದಳು. ಎದ್ದಳು. ಪಕ್ಕದಲ್ಲಿ ಕೂರಲು ಇದ್ದದ್ದು ಸಿಂಹಾಸನ ಒಂದೇ, ಅದರಲ್ಲಿ ಕೂತಳು. ಭಾವ ಹತ್ತಿರ ಬಂದು ಅವಳ ಮುಖ ನೋಡಿ ನಕ್ಕ.

"ಯಾಕಮ್ಮಿ ಇಂಗ್ ಅಳ್ತೀಯೆ? ಅವ್ನು ಸತ್ತಿರೋದು ನಾಟ್ಕದಲ್ಲಿ ಕಣಮ್ಮಿ."

ಅಕ್ಕ ಅವನ ತೋಳು ಮುಟ್ಟಿ ನೋಡಿದಳು. ಆಮೇಲೆ ಸೆರಗಿನಿಂದ ಅವನ ಅಂಗೈಗೆ ಅಂಟಿದ್ದ ಬೆಲ್ಲವನ್ನು ಒರೆಸತೊಡಗಿದಳು.

ಗಡ್ಡದ ಹುಡುಗ ಭಾವನ ಹೆಸರು ಕೇಳಿ ಬೆಳ್ಳಗಾದ. ನನ್ನ ಕಡೆ ನೋಡಿದ. ನಾನು ಅಲ್ಲೂ ನೀರು ಬೆರೆಸಿದೆ. ನೀನು ಕೇಳಿದ್ದು ಹಾರ್ಮೋನಿಯಂ ಮೇಷ್ಟರ ವಿಷಯ ಎಂದುಕೊಂಡೆನಪ್ಪ, ಅವರು ತೀರಿಕೊಂಡು ಬಹಳ ವರ್ಷವಾಯಿತು ಎಂದೆ. ಪಾಪ, ತಪ್ಪು ತನ್ನದೇ ಎಂದು ಹುಡುಗ ಅಕ್ಕನ ಕಾಲಿಗೆ ಬಿದ್ದ. ಅಕ್ಕ ಅವನ ತಲೆ ಸವರಿ, ಊಟ ಮಾಡಿದೆಯಾ ಎಂದು ಕೇಳಿದಳು.

ಭಾವನಿಗೆ ನಿಜ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಒಂದು ತಿಂಗಳಾದ ಮೇಲೆ ತೋಟದ ಬದುವಿನಲ್ಲಿ ಕೂತಿದ್ದಾಗ ಎಲ್ಲ ಹೇಳಿ ತಪ್ಪಾಯಿತು ಎಂದೆ. ಅವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ನನ್ ಸಾಯ್ಸಿ ಸಿಂಆಸ್ನ ಏರ್ದೋನು, ಅಲ್ಲೂ ಅಪ್ಪಣೆ ಅಂದ್ಯಲ್ಲೋ ಬಾಮೈದ" ಎಂದ. ಅಕ್ಕನಿಗೆ ಮಾತ್ರ ತಾನು ಹೇಳುವುದಿಲ್ಲ, ಅದು ನಿನ್ನ ಕೆಲಸ ಎಂದ. ನಗು ನಿಲ್ಲಿಸಿ ಹೇಳಿದ್ದು ಅದೊಂದೇ ಮಾತು.

ಗಡ್ಡದ ಹುಡುಗನಿಗೂ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವನು ಆ ಹೊತ್ತಿಗೆ ಬೇರೆ ಸೀರಿಯಲ್ಲಿನಲ್ಲಿದ್ದ. ಇದರಲ್ಲಿ ಮುದುಕನ ಪಾತ್ರವೇ ಇಲ್ಲ ತಾತ, ಯಾರನ್ನೂ ಸಾಯಿಸಬೇಕಾಗಿಲ್ಲ, ಚಿಂತೆ ಮಾಡಬೇಡಿ ಎಂದ.

ಆ ಕಂತು ಟಿವಿಯಲ್ಲಿ ಬಂದ ಸಂಜೆ ಅಕ್ಕನ ಮನೆಯ ತುಂಬ ಜನ. ನಾನು ಎದ್ದು ಹೋಗುವಂತಿರಲಿಲ್ಲ, ಸತ್ತವನು ನಾನೇ. ಅಕ್ಕನ ಅಳು ಪೂರ್ತಿ ಬಂತು. ಮಾತು ಮಾತ್ರ ಅವಳದಲ್ಲ. ಬೇರೆ ಯಾರದೋ ಎಳೆಯ ದನಿಯಲ್ಲಿ, ಮಹಾಪ್ರಭು, ನಮ್ಮನ್ನು ಅನಾಥರನ್ನಾಗಿ ಮಾಡಿದಿರಾ ಎಂದು ಕೂರಿಸಿದ್ದರು. ನೋಡುತ್ತಿದ್ದ ಹೆಂಗಸರು ಅಕ್ಕನನ್ನು ರಾಣಿ ಎಂದು ಹೊಗಳಿದರು. ಭಾವ ತನ್ನ ಅಭ್ಯಾಸದಂತೆ ಮುಂದಕ್ಕೆ ಬಾಗಿ ತಪ್ಪು ಹುಡುಕುತ್ತಿದ್ದ. ಸಿಕ್ಕಿತು.

"ನೋಡ್ರಪ್ಪ ನೋಡಿ. ರಾಣಿ ಕಾಲಲ್ಲಿ ಅವಾಯಿ ಚಪ್ಲಿ."

ಎಲ್ಲರೂ ನೋಡಿದರು. ಮಂಚದ ಬುಡದಲ್ಲಿ ಕುಸಿದ ಅಕ್ಕನ ಕಾಲುಗಳು ಸೀರೆಯ ಅಂಚಿನಿಂದ ಹೊರಗಿದ್ದವು. ಒಂದು ಕಾಲಿನಲ್ಲಿ ನೀಲಿ ಚಪ್ಪಲಿ, ಅವಳದು. ಇನ್ನೊಂದರಲ್ಲಿ ಕಂದು ಬಣ್ಣದ್ದು, ದೊಡ್ಡದು, ಭಾವನದು. ಜನ ಬಿದ್ದು ಬಿದ್ದು ನಕ್ಕರು. ಭಾವನೂ ನಗಲು ಬಾಯಿ ತೆರೆದವನು ಅದನ್ನು ಗುರುತಿಸಿ ಹಾಗೇ ಮುಚ್ಚಿಕೊಂಡ. ಅಕ್ಕ ಎದ್ದು ಒಲೆ ಆರಿಸಲು ಹೋದಳು. ಒಲೆ ಹಚ್ಚಿರಲಿಲ್ಲ.

ಜನ ಹೋದ ಮೇಲೆ ಕಡಲೆಕಾಯಿ ಸಿಪ್ಪೆ ಗುಡಿಸುತ್ತಾ ಅವಳು ನನ್ನನ್ನು ಒಂದೇ ಒಂದು ಮಾತು ಕೇಳಿದಳು.

"ಅವತ್ತು ನಾನು ಏಳ್ಲಾ ಏಳ್ಲಾ ಅಂದ್ನಲ್ಲ, ನಿಂಗೆ ಕೇಳ್ತಿತ್ತಾ?"

"ಇಲ್ಲ ಕಣಕ್ಕ. ಕಿರೀಟ ಕಿವಿ ಮುಚ್ಚಿತ್ತು."

ಅವಳು "ಊಂ" ಎಂದು ಪೊರಕೆಯನ್ನು ಮೂಲೆಗೆ ಇಟ್ಟಳು. ಟಿವಿಯಲ್ಲಿ ಆ ಕಿರೀಟ ನನ್ನ ನೆತ್ತಿಯ ಮೇಲೆ ಪಿನ್ನು ಹಾಕಿಸಿಕೊಂಡು ಕೂತಿದ್ದನ್ನೂ, ನನ್ನ ಎರಡು ಕಿವಿಗಳೂ ಬಿಸಿಲಿಗೆ ಕೆಂಪಾಗಿ ಬಯಲಿಗಿದ್ದುದನ್ನೂ ಅವಳು ಆಗಷ್ಟೇ ನೋಡಿದ್ದಳು.

ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ನಾನು ಈಗಲೂ ಸಂಜೆ ಹೋಗುತ್ತೇನೆ, ಅವಳು ಈಗಲೂ ಕಡಲೆಕಾಯಿ ತಂದಿಡುತ್ತಾಳೆ. ಕಹಳೆ ಊದಿದ ಕೂಡಲೇ ನಾನು ಏಳುತ್ತೇನೆ. ಹಸುವಿಗೆ ಹುಲ್ಲು ಹಾಕಬೇಕು ಎಂದರೆ, ಹಾಕು ಹೋಗು ಎನ್ನುತ್ತಾಳೆ. ಭಾವನನ್ನು ಕೇಳಿಕೊಂಡಾಯಿತು, ಹುಡುಗನನ್ನು ಕೇಳಿಕೊಂಡಾಯಿತು. ಇನ್ನೂ ತಪ್ಪಾಯಿತು ಎನ್ನದೆ ಉಳಿದಿರುವುದು ಒಬ್ಬಳ ಮುಂದೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ, ಬಾಗಿಲ ಹತ್ತಿರ ಕೂತಿರುವ ನನ್ನ ಅಕ್ಕ.